ಮಗುವಿಗೊಂದು ಗುಂಟೆ

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಧಾರಣೆ, ಗೊಬ್ಬರ, ಕೊಳೆರೋಗ, ಸಾಲ ವಸೂಲಾತಿ ಇವುಗಳನ್ನೇ ಪ್ರಸ್ತಾಪಿಸುತ್ತ ಬಂದಿದ್ದೇವೆ. ಈ ಬಾರಿ ಅವನ್ನೆಲ್ಲ ಬದಿಗಿರಿಸಿ ಚಿಕ್ಕ ಮಕ್ಕಳ ವಿಷಯ ಬರೆಯಲು ಹೊರಟಿದ್ದೇವೆ. ಸಂಘದ ಪತ್ರಿಕೆಗೂ ಮಕ್ಕಳ ಆಟಕ್ಕೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಬೇಸಿಗೆ ರಜೆ ಹತ್ತಿರವಾಗಿದೆ. ನಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಇನ್ನು ಕೆಲವೇ ವಾರಗಳಲ್ಲಿ ಮೊಮ್ಮಕ್ಕಳು ಬಂದು ನಮ್ಮ ಅಂಗಳಗಳಲ್ಲಿ ಇಳಿಯಲಿದ್ದಾರೆ. ಆ ಅಂಗಳ ಅವರಿಗಾಗಿ ಸಿದ್ಧವಿದೆಯೇ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ಮನೆಯದು ಸಿದ್ಧವಿರಲಿಲ್ಲ. ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಮಗಳು ಮೂರು ವರ್ಷದ ಮಗುವಿನೊಂದಿಗೆ ಬಂದಿದ್ದಳು. ಎರಡನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಮಗು ಕೊಟ್ಟಿಗೆಯ ಕಡೆಯಿಂದ ಬಂದು, "ಅಜ್ಜ, ನೀಲಿ ಕಲ್ಲುಸಕ್ಕರೆ" ಎಂದು ಮುಷ್ಟಿ ಬಿಡಿಸಿ ತೋರಿಸಿತು. ಅದು ಮೈಲುತುತ್ತ. ಹಿಂದಿನ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಮಾಡಿ ಉಳಿದದ್ದನ್ನು ಚೀಲದ ಬಾಯಿ ಮಡಚಿ ಗೋಡೆಗೆ ಒರಗಿಸಿಟ್ಟಿದ್ದೆವು. ಮಗು ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ನಮಗೆ ತೋರಿಸಬೇಕೆಂದು ಬಂದದ್ದು ನಮ್ಮ ಪುಣ್ಯ. ನುಂಗಿದ್ದರೆ ವಾಂತಿಯಿಂದ ಮೊದಲುಗೊಂಡು ಯಕೃತ್ತು, ಮೂತ್ರಪಿಂಡಗಳನ್ನೂ ಕೆಡಿಸಬಲ್ಲ ವಸ್ತು ಅದು.

ಮಗಳು ಆಗ ಏನೂ ಅನ್ನಲಿಲ್ಲ. ರಾತ್ರಿ ಮಾತ್ರ, "ಅಪ್ಪಯ್ಯ, ನಿಮಗೆ ಐದೆಕರೆ ಇದೆ. ಮಗು ಹೆದರಿಕೆಯಿಲ್ಲದೆ ಆಡೋದಕ್ಕೆ ಒಂದು ಚಾಪೆಯಗಲ ಜಾಗ ಇಲ್ಲವಲ್ಲ" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ.

ಅವರ ಮನೆ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ಮೂವತ್ತು ನಲವತ್ತರ ನಿವೇಶನ, ಅಂದರೆ 1200 ಚದರ ಅಡಿ. ಅದರಲ್ಲಿ ಮನೆ, ಕಾರು, ನೀರಿನ ಸಂಪು ಎಲ್ಲ ಹೋಗಿ ಮಣ್ಣು ಕಾಣುವುದು ಮುಂಭಾಗದ ಆರಡಿ ಅಗಲ, ಹದಿನೈದಡಿ ಉದ್ದದ ಪಟ್ಟಿಯಲ್ಲಿ ಮಾತ್ರ. ತೋಟದವರಾದ ನಾವು ಅದನ್ನು ಕಂಡು ಮನಸ್ಸಿನಲ್ಲೇ ನಗುತ್ತಿದ್ದುದುಂಟು. ಮೈಲುತುತ್ತದ ಪ್ರಸಂಗದ ನಂತರ, ಮಳೆಗಾಲ ಕಳೆದ ಮೇಲೆ, ಅಲ್ಲಿ ಹತ್ತು ದಿನ ಇದ್ದಾಗ ಆ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡಿದೆವು.

ಅವರು ಗಿಡ ನೆಡುವ ಮೊದಲು ಕೆಲವನ್ನು ಕಿತ್ತಿದ್ದಾರೆ. ಕಾಂಪೌಂಡಿನ ಪಕ್ಕ ಇದ್ದ ಕಣಗಿಲೆ ಹೋಗಿದೆ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಬಾಗಿಲ ಬಳಿ ಅಂದಕ್ಕೆ ಇಟ್ಟಿದ್ದ ಡೈಫನ್‌ಬೇಕಿಯ ಕುಂಡವೂ ಹೋಗಿದೆ. ಕೆಸುವಿನ ಎಲೆ ಹಸಿಯಾಗಿ ತಿಂದರೆ ಬಾಯಿ ತುರಿಸುವುದನ್ನು ನಾವು ಬಲ್ಲೆವು. ಇದೂ ಅದೇ ಜಾತಿಯದು, ಅಗಿದ ಮಗುವಿನ ನಾಲಿಗೆ, ಗಂಟಲು ಊದಿಕೊಳ್ಳಬಹುದು. ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಬೀಗ ಬಿದ್ದಿದೆ, ನಲ್ಲಿ ನೀರು ಬರುವ ದಿನವೂ ಅದನ್ನು ತೆರೆದಿಡುವುದಿಲ್ಲ. ಕುಂಡಗಳ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುತ್ತಾರೆ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹೊರಟು ರೆಕ್ಕೆ ಬಲಿಯಲು ವಾರಕ್ಕಿಂತ ತುಸು ಹೆಚ್ಚು ಕಾಲ ಬೇಕು.

ಇಷ್ಟಾದ ಮೇಲೆ ಆ ಪಟ್ಟಿ ಮಗುವಿನದು. ಒಂದು ಮೂಲೆಯಲ್ಲಿ ಮರಳು ತುಂಬಿದ ಅಗಲವಾದ ತೊಟ್ಟಿ, ಬೆಕ್ಕು ಕೊಳೆ ಮಾಡದಂತೆ ರಾತ್ರಿ ಅದಕ್ಕೊಂದು ಹಲಗೆ. ಇನ್ನೊಂದು ಮೂಲೆಯಲ್ಲಿ ದೊಡ್ಡಪತ್ರೆ, ದಾಸವಾಳ, ಕರ್ಣಕುಂಡಲ. ನಡುವೆ ಮಗು ತಾನೇ ಚೆಲ್ಲಿದ ಮೆಂತ್ಯ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುವುದರಿಂದ ಮಗುವಿನ ಸಹನೆಗೆ ಮೆಂತ್ಯವೇ ಸರಿ. ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿ, ಅದು ಪಟ್ಟನೆ ಸಿಡಿದಾಗ ಮಗು ನಗುವುದನ್ನು ನೋಡುತ್ತ ನಾವು ಬೆಳಗಿನ ಪತ್ರಿಕೆಯನ್ನೇ ಮರೆತೆವು. ಸಂಜೆ 3ನೇ ಹಂತದ ಮಿನಿ ಫಾರೆಸ್ಟಿಗೋ, 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೋ ಕರೆದೊಯ್ಯುತ್ತಾರೆ. ಆ ಕೆರೆಯನ್ನು 2010ರಿಂದೀಚೆಗೆ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿ ನೋಡಿಕೊಂಡು ಬಂದಿದ್ದಾರೆ. ಪೇಟೆಯವರಿಗೆ ಮಣ್ಣು ಕಡಿಮೆ, ಆದ್ದರಿಂದ ಇರುವುದನ್ನು ಲೆಕ್ಕವಿಟ್ಟು ಬಳಸುತ್ತಾರೆ.

ಆ ಹತ್ತು ದಿನಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಆ ಪಟ್ಟಿಯಲ್ಲಿರುವಾಗ ಮಗುವಿಗೆ ಯಾರೂ "ಬೇಡ", "ಮುಟ್ಟಬೇಡ" ಎನ್ನುತ್ತಿರಲಿಲ್ಲ. ನಮ್ಮ ಮನೆಯಲ್ಲಾದರೆ ಬೆಳಗಿನಿಂದ ಸಂಜೆಯವರೆಗೆ ಅದೇ ಮಾತು. ಬೇಡವೆಂದು ನೂರು ಸಲ ಕೇಳಿದ ಮಗು ನೂರಾ ಒಂದನೆಯದನ್ನು ಕೇಳುವುದಿಲ್ಲ. ಅಪಾಯವನ್ನು ಮೊದಲೇ ತೆಗೆದಿಟ್ಟು ಬಳಿಕ ಮಗುವನ್ನು ಅದರ ಪಾಡಿಗೆ ಬಿಡುವುದೇ ಸರಿಯಾದ ಕ್ರಮ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಗ ನಮ್ಮ ಅಂಗಳಗಳನ್ನು ನೋಡೋಣ. ಮೊದಲನೆಯದು ನೀರು. ಬಾವಿಗೆ ಕಟ್ಟೆ ಇರುತ್ತದೆ. ಕೃಷಿಹೊಂಡ, ಪಲ್ಪರ್ ನೀರಿನ ಗುಂಡಿ, ಸ್ಲರಿ ಗುಂಡಿ, ಔಷಧಿ ಕಲಸುವ ಡ್ರಮ್ಮು, ಬಚ್ಚಲ ತೊಟ್ಟಿ ಇವುಗಳಿಗೆ ಏನೂ ಇರುವುದಿಲ್ಲ. ಚಿಕ್ಕ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ. ಬಗ್ಗಿ ಬಿದ್ದರೆ ಬಕೆಟ್ಟಿನ ಒಂದು ಗೇಣು ನೀರಿನಿಂದಲೂ ಎದ್ದು ಬರಲಾರದು. ಆಗ ಕೂಗುವುದಕ್ಕೂ ಅದಕ್ಕೆ ಆಗುವುದಿಲ್ಲ.

ಎರಡನೆಯದು ವಿಷ. ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಬೋರ್ಡೋ ಬಂದು ನೂರು ವರ್ಷ ಮೀರಿದೆ. ಅಂದಿನಿಂದ ಮೈಲುತುತ್ತ ನಮಗೆ ಉಪ್ಪಿನಷ್ಟೇ ಸಲಿಗೆಯ ಸಾಮಾನು. ಅದಕ್ಕಿಂತ ಘೋರವಾದವೂ ಇವೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಒಂದು ಗುಟುಕು ಸಾಕು. ಅಂಥದನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದು ನೆರೆಮನೆಗೆ ಕೊಡುವ ಪದ್ಧತಿ ಇಂದಿಗೂ ನಿಂತಿಲ್ಲ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ನಮಗೆ ಅರ್ಥವಾಗುತ್ತದೆ. ಮಗುವಿಗೆ ಅರ್ಥವಾಗುವುದು ಬಾಟಲಿಯ ಆಕಾರ ಮಾತ್ರ. ಬೇಲಿಯಲ್ಲಿರುವ ಹಳದಿ ಕಣಗಿಲೆಯ ಬೀಜ, ಹರಳು ಬೀಜ, ದತ್ತೂರಿ ಕಾಯಿ, ಅಂದವಾದ ಗುಲಗಂಜಿ ಇವೆಲ್ಲ ಇದೇ ಪಟ್ಟಿಗೆ ಸೇರುತ್ತವೆ.

ಸಿಂಪಡಿಸಿದ ಮದ್ದು ಸಿಂಪಡಿಸಿದಲ್ಲೇ ಇರುತ್ತದೆ ಎಂದು ನಂಬಿದವರು ನಾವು. ಕಾಸರಗೋಡಿನ ಎನ್ಮಕಜೆ, ಪಡ್ರೆ ಕಡೆಯ ಕನ್ನಡ ಊರುಗಳ ಕಥೆ ಆ ನಂಬಿಕೆಯನ್ನು ಕೆಡವಿತು. ಗೇರು ತೋಪುಗಳ ಮೇಲೆ 2000ದವರೆಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಆ ಊರುಗಳ ಮಕ್ಕಳ ಅಂಗವೈಕಲ್ಯ ದೇಶದ ಮುಂದೆ ಬಂತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕಾಫಿಯ ಕಾಯಿಕೊರಕಕ್ಕೆಂದು ಅದೇ ಎಂಡೋಸಲ್ಫಾನನ್ನು ನಾವೂ ಹೊಡೆದವರೇ ಎಂಬುದನ್ನು ಮರೆಯಬಾರದು. ಮಕ್ಕಳು ಮನೆಯಲ್ಲಿರುವ ವಾರ ಮನೆಯ ಸುತ್ತ ಔಷಧಿ ಹೊಡೆಯುವುದನ್ನು ಮುಂದೂಡಿದರೆ ಬೆಳೆಗೆ ಆಗುವ ನಷ್ಟ ಅಷ್ಟರಲ್ಲೇ ಇದೆ.

ಮೂರನೆಯದು ಹರಿತವಾದದ್ದು, ಸುಡುವಂಥದ್ದು, ಅಡಗಿರುವಂಥದ್ದು. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬೇಯಿಸುವ ಹಂಡೆ, ಅಂಗಳದ ಮೂಲೆಯ ಕಲ್ಲುರಾಶಿ, ಸೌದೆರಾಶಿ. ಹಾವು ಬಿಡಾರ ಹೂಡುವುದು ಇಂಥ ರಾಶಿಗಳಲ್ಲೇ.

ಇವನ್ನೆಲ್ಲ ಐದೆಕರೆಯಲ್ಲೂ ನಿವಾರಿಸುವುದು ಸಾಧ್ಯವಿಲ್ಲ. ತೋಟ ತೋಟವೇ. ಆದ್ದರಿಂದ ನಮ್ಮ ಸಲಹೆ ಸರಳವಾದದ್ದು. ಮನೆಯ ಮಗ್ಗುಲಲ್ಲಿ, ಅಡುಗೆಮನೆಯ ಕಿಟಕಿಯಿಂದ ಪೂರ್ತಿ ಕಾಣುವ ಕಡೆ, ಒಂದು ಗುಂಟೆ ಬಿಡಿ. ಗುಂಟೆಯೆಂದರೆ 1089 ಚದರ ಅಡಿ, ಹೆಚ್ಚುಕಡಿಮೆ ಜೆ.ಪಿ. ನಗರದ ಇಡೀ ಒಂದು ನಿವೇಶನ. ಐದೆಕರೆಯಲ್ಲಿ ಇಂಥವು ಇನ್ನೂರು ಇವೆ.

ಸುತ್ತ ಅಡಿಕೆ ದಬ್ಬೆಯ ಬೇಲಿ, ನಾಲ್ಕಡಿ ಎತ್ತರ. ದಬ್ಬೆಗಳನ್ನು ನೆಟ್ಟಗೆ ನಿಲ್ಲಿಸಬೇಕು, ಅಡ್ಡ ಹಾಕಿದರೆ ಮಗುವಿಗೆ ಏಣಿಯಾಗುತ್ತದೆ. ಸಂದು ನಾಲ್ಕು ಅಂಗುಲ ಮೀರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಉಣುಗೋಲು ಸಾಲದು, ಹೊರಗಿನಿಂದ ಚಿಲಕವಿರುವ ಬಾಗಿಲೇ ಬೇಕು. ತೆಂಗಿನ ಮರದ ಕೆಳಗೆ ಜಾಗ ಆರಿಸಬಾರದು. ಉಯ್ಯಾಲೆ ಕಟ್ಟುವುದಾದರೆ ತಗ್ಗಾಗಿ ಕಟ್ಟಿ, ಕೆಳಗೆ ದಪ್ಪವಾಗಿ ಮರಳು ಹರಡಿ. ಉದುರಿದ ಹಾಳೆಗಳನ್ನು ನೀರು ನಿಲ್ಲದಂತೆ ಹೆಕ್ಕಿ ಒಣಗಿಸಿದರೆ ಸೊಳ್ಳೆಯೂ ತಪ್ಪುತ್ತದೆ, ಆಟಿಕೆಯೂ ಸಿಗುತ್ತದೆ. ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುವ ಸುಖಕ್ಕೆ ಸಮನಾದ ಆಟಿಕೆ ಯಾವ ಅಂಗಡಿಯಲ್ಲೂ ಇಲ್ಲ. ಮೆಂತ್ಯ, ಮೂಲಂಗಿ, ಬಸಳೆ, ಚೆಂಡುಹೂವು, ಒಂದು ಕಾಫಿ ಸಸಿ, ಒಂದು ಅಡಿಕೆ ಸಸಿ ಮಗುವಿನ ಕೈಯಿಂದಲೇ ನೆಡಿಸಿ. ಈ ಗುಂಟೆಗೆ ಯಾವ ಮದ್ದೂ ಹೊಡೆಯಬೇಡಿ. ಹುಳ ತಿಂದರೆ ತಿನ್ನಲಿ. ಬೇಲಿಯಿದೆಯೆಂದು ಮಗುವನ್ನು ಒಂಟಿಯಾಗಿ ಬಿಟ್ಟು ತೋಟಕ್ಕೆ ಹೋಗಬಾರದು. ಒಬ್ಬರ ಕಣ್ಣು ಅಲ್ಲಿರಲೇಬೇಕು.

ಔಷಧಿ, ಮೈಲುತುತ್ತಗಳಿಗೆ ಬೀಗವಿರುವ ಪೆಟ್ಟಿಗೆ, ಎಲ್ಲವೂ ಅವುಗಳ ಮೂಲ ಡಬ್ಬಿಯಲ್ಲೇ. ಅಕಸ್ಮಾತ್ ಮಗು ಏನಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನೋ ಗಿಡದ ಕಡ್ಡಿಯನ್ನೋ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ.

ನಾವೆಲ್ಲ ತೋಟದಲ್ಲೇ ಬೆಳೆದವರು, ನಮಗೇನಾಯಿತು ಎಂದು ಹಿರಿಯರು ಕೇಳುತ್ತಾರೆ. ಆಗ ಮನೆಯಲ್ಲಿ ಹದಿನೈದು ಜನ ಇದ್ದರು, ಯಾರಾದರೊಬ್ಬರ ಕಣ್ಣು ಮಗುವಿನ ಮೇಲಿರುತ್ತಿತ್ತು. ಈಗ ಇರುವುದು ಇಬ್ಬರು, ಅವರಲ್ಲಿ ಒಬ್ಬರಿಗೆ ಮಂಡಿನೋವು. ಅಲ್ಲದೆ ಏನೂ ಆಗದೆ ಉಳಿದವರು ಮಾತ್ರ ಈ ಮಾತು ಆಡಲು ಉಳಿದಿದ್ದೇವೆ. ಕೆರೆಗೆ ಬಿದ್ದ ಒಂದಾದರೂ ಮಗುವಿನ ನೆನಪಿಲ್ಲದ ಊರು ನಮ್ಮ ಕಡೆ ಅಪರೂಪ.

ಇನ್ನೊಂದು ಮಾತು. ಮೊಮ್ಮಕ್ಕಳು ಬರುವುದು ವರ್ಷಕ್ಕೆ ಒಂದು ತಿಂಗಳು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸರ ಮಕ್ಕಳು ವರ್ಷವಿಡೀ ಇಲ್ಲೇ ಇರುತ್ತಾರೆ. ಹಣ್ಣು ಕೊಯ್ಯುವ ಸಾಲಿನ ಬುಡದಲ್ಲಿ ಕಂಬಳಿ ಹಾಸಿ ಮಲಗಿಸಿರುತ್ತಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಲ್ಲಿ ಶಿಶುಪಾಲನೆಯ ಕೊಠಡಿ ಇರಬೇಕೆಂದಿತ್ತು. ಸಣ್ಣ ಹಿಡುವಳಿಯ ನಾವು ಆ ಲೆಕ್ಕಕ್ಕೆ ಬಂದವರಲ್ಲ. ಕಾನೂನು ಹೇಳದಿದ್ದರೂ ಆ ಗುಂಟೆಯ ಬಾಗಿಲು ಅವರಿಗೂ ತೆರೆಯಬೇಕು. ಹನ್ನೊಂದು ತಿಂಗಳು ಖಾಲಿ ಇಡಲು ಬೇಲಿ ಏಕೆ?

ತೋಟ ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆ ಪ್ರತಿ ಮಹಾಸಭೆಯಲ್ಲೂ ಕೇಳಿಬರುತ್ತದೆ. ತೋಟವೆಂದರೆ ಬೈಗುಳ, ಹೆದರಿಕೆ ಎಂದು ಕಲಿತ ಮಗು ದೊಡ್ಡದಾಗಿ ಏಕೆ ಹಿಂದಿರುಗೀತು? ನಮ್ಮಲ್ಲಿ ಈ ಬೇಸಿಗೆಗೆ ಬೇಲಿ ಮುಗಿದಿದೆ, ಖರ್ಚು ನಾಲ್ಕು ಆಳಿನ ಎರಡು ದಿನದ ಕೂಲಿ, ದಬ್ಬೆ ಮನೆಯದೇ. ಮೈಲುತುತ್ತಕ್ಕೆ ಬೀಗ ಬಿದ್ದಿದೆ. ಸದಸ್ಯರು ರಜೆ ಆರಂಭವಾಗುವ ಮೊದಲೇ ತಮ್ಮ ತಮ್ಮ ಅಂಗಳವನ್ನು ಒಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ನೋಡಬೇಕಾಗಿ ವಿನಂತಿ.