ಸೆನೆಕಾ ಫಾಲ್ಸ್ ಸಭೆಯೂ ಧರ್ಮದ ಹೊಣೆಯೂ

ಸ್ತ್ರೀಯರ ಮತದಾನದ ಹಕ್ಕಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನಸಭೆಗಳನ್ನೂ ಮುತ್ಸದ್ದಿಗಳನ್ನೂ ಹೆಸರಿಸುವುದುಂಟು. ಆದರೆ ಆ ಹಕ್ಕಿಗಾಗಿ ಎದ್ದ ಮೊದಮೊದಲ ಸಂಘಟಿತ ಕೂಗುಗಳಲ್ಲೊಂದು ಕೇಳಿಬಂದುದು ಶಾಸನಸಭೆಯಲ್ಲಲ್ಲ, ಸಣ್ಣದೊಂದು ಊರಿನ ಪ್ರಾರ್ಥನಾಮಂದಿರದಲ್ಲಿ. ಧರ್ಮವು ಸಮಾನತೆಗೆ ಸದಾ ವಿರೋಧಿಯೆಂಬ ಮಾತೂ, ಧರ್ಮವೊಂದಿದ್ದರೆ ಸಮಾನತೆ ತಾನಾಗಿ ಬರುವುದೆಂಬ ಮಾತೂ ಅರ್ಧಸತ್ಯಗಳೇ ಎಂಬುದನ್ನು ಆ ಊರಿನ ವೃತ್ತಾಂತವು ವಿಶದಪಡಿಸುತ್ತದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಸೆನೆಕಾ ಫಾಲ್ಸ್ ಎಂಬುದೇ ಆ ಊರು. 1848ರ ಜುಲೈ 9ರಂದು ನೆರೆಯೂರಾದ ವಾಟರ್ಲೂವಿನಲ್ಲಿ ಜೇನ್ ಹಂಟ್ ಎಂಬಾಕೆಯ ಮನೆಯಲ್ಲಿ ಐವರು ಸ್ತ್ರೀಯರು ಚಹಾಕ್ಕೆಂದು ಕೂಡಿದರು. ಎಲಿಜಬೆತ್ ಕೇಡಿ ಸ್ಟಾಂಟನ್ ಒಬ್ಬರನ್ನುಳಿದು, ಲುಕ್ರೀಷಿಯಾ ಮಾಟ್ ಮೊದಲಾದ ನಾಲ್ವರೂ ಕ್ವೇಕರ್ ಮನೆತನಗಳಲ್ಲಿ ಬೆಳೆದವರು. ಪ್ರತಿಯೊಬ್ಬರ ಅಂತರಂಗದಲ್ಲಿಯೂ ದೈವೀ ಬೆಳಕು ಉಂಟೆಂಬುದು ಆ ಪಂಥದ ಮೂಲತತ್ತ್ವ. ಬೆಳಕಿಗೆ ಗಂಡು ಹೆಣ್ಣೆಂಬ ಭೇದವಿಲ್ಲವಾದುದರಿಂದ ಸಭೆಯಲ್ಲಿ ಸ್ತ್ರೀಯೂ ಎದ್ದು ಉಪದೇಶಿಸಬಹುದಾಗಿತ್ತು. ಮಾಟ್ ಅವರೇ ಹೆಸರಾಂತ ಉಪದೇಶಕಿ. ಪಂಥದ ವ್ಯವಹಾರಗಳಿಗಾಗಿ ಸ್ತ್ರೀಯರದೇ ಆದ ಸಭೆಗಳೂ ಇದ್ದವು. ಸಭೆಯನ್ನು ನಡೆಸುವ, ನಡಾವಳಿಯನ್ನು ಬರೆಯುವ, ಅಭಿಪ್ರಾಯವನ್ನು ಮಂಡಿಸುವ ರೂಢಿ ಅವರಿಗೆ ಅಲ್ಲಿಯೇ ಒದಗಿತ್ತು. ಆದಕಾರಣ ಹತ್ತೇ ದಿನಗಳಲ್ಲಿ, ಜುಲೈ 19 ಮತ್ತು 20ರಂದು, ಸುಮಾರು ಮುನ್ನೂರು ಜನರ ಸಮಾವೇಶವನ್ನು ನೆರವೇರಿಸುವುದು ಸಾಧ್ಯವಾಯಿತು.

ಸ್ಥಳವನ್ನು ಕೊಟ್ಟವರು ವೆಸ್ಲಿಯನ್ ಮೆಥಡಿಸ್ಟರು. ಗುಲಾಮಗಿರಿಯ ವಿಷಯದಲ್ಲಿ ಮಾತೃಸಂಸ್ಥೆಯ ಔದಾಸೀನ್ಯವನ್ನು ಸಹಿಸದೆ ಹೊರಬಂದವರು. ಆದರೂ ಮೊದಲ ದಿನ ಮಂದಿರದ ಬಾಗಿಲಿಗೆ ಬೀಗ ಬಿದ್ದಿತ್ತೆಂದೂ, ಬಾಲಕನೊಬ್ಬನನ್ನು ಕಿಟಕಿಯ ಮೂಲಕ ಒಳಗಿಳಿಸಿ ತೆರೆಸಬೇಕಾಯಿತೆಂದೂ ಹೇಳುತ್ತಾರೆ. ಸ್ತ್ರೀಪುರುಷರು ಕೂಡಿದ ಸಭೆಗೆ ಅಧ್ಯಕ್ಷತೆ ವಹಿಸಲು ಸ್ತ್ರೀಯರೇ ಅಳುಕಿದುದರಿಂದ ಮಾಟ್ ಅವರ ಪತಿ ಜೇಮ್ಸ್ ಮಾಟ್ ಆ ಪೀಠವನ್ನೇರಿದರು. ಮಂಡಿತವಾದ ನಿರ್ಣಯಗಳಲ್ಲಿ ಸರ್ವಾನುಮತ ದೊರೆಯದೆಹೋದುದು ಒಂದೇ. ಅದು ಮತದಾನದ ಹಕ್ಕನ್ನು ಕುರಿತದ್ದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ಅವರು ಸ್ಟಾಂಟನ್ ಅವರ ಪಕ್ಷವಹಿಸಿ ಮಾತನಾಡಿದ ಮೇಲೆ ಅದೂ ಅಂಗೀಕೃತವಾಯಿತು. ಘೋಷಣೆಗೆ 68 ಸ್ತ್ರೀಯರೂ 32 ಪುರುಷರೂ ಸಹಿ ಹಾಕಿದರು. ಪತ್ರಿಕೆಗಳ ಪರಿಹಾಸಕ್ಕೆ ಅಂಜಿ ಕೆಲವರು ಬಳಿಕ ಹೆಸರನ್ನು ಹಿಂತೆಗೆದುಕೊಂಡರು.

ಅದೇ ಧರ್ಮದ ಇನ್ನೊಂದು ಮುಖವೂ ಇದೆ. 1837ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಪಾದ್ರಿಗಳು, ಸ್ತ್ರೀಯರು ಬಹಿರಂಗವಾಗಿ ಭಾಷಣ ಮಾಡುವುದನ್ನು ಖಂಡಿಸಿ ಪತ್ರವನ್ನೇ ಹೊರಡಿಸಿದ್ದರು. ಓದಿದ ಗ್ರಂಥ ಒಂದೇ, ನಡೆದ ದಾರಿ ಎರಡು. ಕ್ವೇಕರರಲ್ಲಿಯೂ ತತ್ತ್ವದ ಸಮಾನತೆ ಆಡಳಿತಕ್ಕೆ ಪೂರ್ತಿಯಾಗಿ ಇಳಿದಿರಲಿಲ್ಲ. ಅದಕ್ಕೆಂದೇ 1848ರಲ್ಲಿ ಆ ಪ್ರಾಂತದ ಅನೇಕರು ಹಳೆಯ ಸಂಘಟನೆಯನ್ನು ತೊರೆದು, ಸ್ತ್ರೀಪುರುಷರು ಒಂದೇ ಸಭೆಯಲ್ಲಿ ಸಮಾನರಾಗಿ ಕುಳಿತು ನಿರ್ಣಯಿಸುವ ಹೊಸ ಸಂಘವನ್ನು ಕಟ್ಟಿಕೊಂಡರು. ತತ್ತ್ವವು ಉಪದೇಶದಲ್ಲಿದ್ದರೆ ಸಾಲದು, ಆಸನದಲ್ಲಿಯೂ ಕಾಣಬೇಕೆಂಬುದು ಅವರ ನಿಲುವು. ದೇಶದ ಸಂವಿಧಾನಕ್ಕೆ ತಿದ್ದುಪಡಿಯಾಗಿ ಸ್ತ್ರೀಯರಿಗೆ ಮತದ ಹಕ್ಕು ದೊರೆತದ್ದು 1920ರಲ್ಲಿ. ಸೆನೆಕಾ ಫಾಲ್ಸಿನಲ್ಲಿ ಸಹಿ ಹಾಕಿದ ಸ್ತ್ರೀಯರ ಪೈಕಿ ಆಗ ಬದುಕಿದ್ದವರು ಷಾರ್ಲೆಟ್ ವುಡ್‌ವರ್ಡ್ ಒಬ್ಬರೇ. ದಕ್ಷಿಣ ರಾಜ್ಯಗಳ ಕಪ್ಪುಜನಾಂಗದ ಬಹುಪಾಲು ಸ್ತ್ರೀಯರು 1965ರ ಕಾಯಿದೆಯವರೆಗೂ ಕಾಯಬೇಕಾಯಿತು.

ಕ್ವೇಕರರಿಗೂ ಶರಣರಿಗೂ ಐತಿಹಾಸಿಕ ಸಂಬಂಧವಿಲ್ಲ. ತತ್ತ್ವಸಾಮ್ಯ ಮಾತ್ರ ಉಂಟು. ಹನ್ನೆರಡನೆಯ ಶತಮಾನದ ಶರಣಧರ್ಮವು ಸ್ತ್ರೀಯ ಅಂಗೈಯಲ್ಲಿಯೂ ಇಷ್ಟಲಿಂಗವನ್ನಿರಿಸಿತು. ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾಗಿ ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ಉಳಿದುಬಂದಿವೆ. ಈ ಹಿರಿಮೆಯನ್ನು ಹೇಳದ ವೇದಿಕೆಯಿಲ್ಲ. ಆದರೆ ಆ ಹೆಸರುಗಳನ್ನು ಹೇಳಿ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ನೇಮಕ, ಲೆಕ್ಕಪತ್ರ, ಕಟ್ಟಡಗಳ ನಿರ್ಣಯವಾಗುವ ಮಂಡಲಿಯಲ್ಲಿ ಎಷ್ಟು ಸ್ತ್ರೀಯರು ಕುಳಿತಿದ್ದಾರೆಂಬುದನ್ನು ಆಯಾ ಸಂಸ್ಥೆಯವರೇ ಎಣಿಸಿಕೊಳ್ಳುವುದು ಉಚಿತ. ಸ್ವಾಗತಗೀತೆಗೂ ಆರತಿಗೂ ಕರೆಸಿಕೊಂಡು, ಠರಾವಿನ ಹೊತ್ತಿಗೆ ಮರೆಯುವುದು ಶರಣತತ್ತ್ವಕ್ಕೆ ಒಪ್ಪುವ ಮಾತಲ್ಲ.

ಸ್ತ್ರೀಯರೇ ಮುಂದೆ ಬರುವುದಿಲ್ಲವೆಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಸೆನೆಕಾ ಫಾಲ್ಸಿನಲ್ಲಿಯೂ ಸ್ತ್ರೀಯರು ಅಳುಕಿದ್ದು ನಿಜ. ಆದರೆ ಎರಡೇ ವಾರಗಳ ಅನಂತರ, ಆಗಸ್ಟ್ 2ರಂದು ರಾಚೆಸ್ಟರಿನಲ್ಲಿ ಯೂನಿಟೇರಿಯನ್ ಪಂಥದವರ ಮಂದಿರದಲ್ಲಿ ಸೇರಿದ ಸಭೆಗೆ ಅಬಿಗೈಲ್ ಬುಷ್ ಎಂಬ ಸ್ತ್ರೀಯೇ ಅಧ್ಯಕ್ಷರಾದರು; ಮೊದಲು ಅದನ್ನು ಆಕ್ಷೇಪಿಸಿದವರಲ್ಲಿ ಮಾಟ್ ಮತ್ತು ಸ್ಟಾಂಟನ್ ಅವರೂ ಇದ್ದರು. ಸಭೆ ಸಾಂಗವಾಗಿಯೇ ನೆರವೇರಿತು. ನೀರಿಗಿಳಿಯದೆ ಈಜು ಬಾರದು. ಪೀಠ ದೊರೆಯದೆ ಪೀಠದ ಧೈರ್ಯ ಬಾರದು.

ಅಧ್ಯಾಪಿಕೆಯರೂ ಹಳೆಯ ವಿದ್ಯಾರ್ಥಿನಿಯರೂ ದಾನಿಗಳ ಮನೆಯ ಹೆಣ್ಣುಮಕ್ಕಳೂ ಆಡಳಿತದ ಹೊಣೆಗೆ ಹೆಗಲು ಕೊಡಬಲ್ಲವರೇ. ಮಂದಿರದ ಬೀಗದ ಕೈ ಹಿರಿಯರ ಬಳಿಯಲ್ಲಿದೆ. ಅವರು ಅದನ್ನು ತಾವಾಗಿಯೇ ತೆರೆಯಲಿ; ಮಕ್ಕಳನ್ನು ಕಿಟಕಿ ಹತ್ತಿಸುವ ಪ್ರಸಂಗ ಬಾರದಿರಲಿ.