ಜೀಪಿಗೊಂದು ಜಾಕ್: ಟನ್ನಿಗಿಂತ ಮೊದಲು ಅಂಗುಲ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕೊಂಡ ಜೀಪನ್ನು ತೋರಿಸಲೆಂದು ಮನೆಗೆ ಬಂದಿದ್ದ. ದಪ್ಪನೆಯ ಟೈರುಗಳು, ಮುಂದೆ ನಾಲ್ಕು ದೀಪಗಳು, ನೋಡಲು ಗಂಭೀರವಾದ ವಾಹನ. "ಜಾಕ್ ಯಾವುದಪ್ಪಾ?" ಎಂದು ಕೇಳಿದೆ. "ಐದು ಟನ್ನಿನದು ಸಾರ್, ಬೇಕಾದರೆ ಲಾರಿಯನ್ನೂ ಎತ್ತಬಹುದು" ಎಂದ. "ಎತ್ತುವುದಿರಲಿ, ಟೈರಿನ ಗಾಳಿ ಹೋದಾಗ ಅದು ಆಕ್ಸಲಿನ ಅಡಿಗೆ ತೂರುತ್ತದೆಯೇ?" ಎಂದಾಗ ಅವನು ಸುಮ್ಮನಾದ. ನಾನು ಹೀಗೆ ಕೇಳುವುದಕ್ಕೆ ಕಾರಣವಿದೆ.

2011ರ ಆಷಾಢದಲ್ಲಿ ಬಂಧುಗಳೊಬ್ಬರ ವೈಕುಂಠ ಸಮಾರಾಧನೆಗೆಂದು ತಮ್ಮನ ಮಗನೊಡನೆ ಜೀಪಿನಲ್ಲಿ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ತೋಟದ ಮಣ್ಣುರಸ್ತೆಗೆ ಇಳಿದಾಗ ಹಿಂದಿನ ಟೈರು ಪಂಕ್ಚರ್ ಆಯಿತು. ಹುಡುಗ ಚಾಸಿಸ್ಸಿಗೆ ಜಾಕ್ ಕೊಟ್ಟು ಎತ್ತಿದ. ಜಾಕಿನ ಎತ್ತರವೆಲ್ಲ ಮುಗಿದರೂ ಚಕ್ರ ನೆಲ ಬಿಡಲಿಲ್ಲ. ಎರಡು ಚಪ್ಪಟೆ ಕಲ್ಲುಗಳನ್ನು ಹುಡುಕಿ ಜಾಕಿನ ಅಡಿಗೆ ಇಟ್ಟೆವು. ಚಕ್ರವನ್ನೇನೋ ಬಿಚ್ಚಿದ್ದಾಯಿತು; ಆಗ ಕೆಸರಿನಲ್ಲಿ ಕಲ್ಲು ಜಾರಿ ಬ್ರೇಕ್ ಡ್ರಮ್ ಧೊಪ್ಪನೆ ನೆಲಕ್ಕೆ ಬಿತ್ತು. ಹುಡುಗ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಅರೆಕ್ಷಣವೂ ಆಗಿರಲಿಲ್ಲ. ಆ ಕಲ್ಲುಗಳನ್ನು ಆಯ್ದು ತಂದವನು ವರ್ಷಗಟ್ಟಲೆ ಮಕ್ಕಳಿಗೆ ಒತ್ತಡದ ಪಾಠ ಹೇಳಿದ ನಾನೇ!

ಅಂದಿನಿಂದ ನನ್ನ ಖಚಿತವಾದ ಅಭಿಪ್ರಾಯವಿದು: ಜಾಕ್ ಕೊಳ್ಳುವಾಗ ನಾವು ಟನ್ನನ್ನು ನೋಡುತ್ತೇವೆ, ನೋಡಬೇಕಾದದ್ದು ಅಂಗುಲವನ್ನು. ಒಂದು ಚಕ್ರವನ್ನು ಎತ್ತುವಾಗ ಜಾಕಿನ ಮೇಲೆ ಬೀಳುವುದು ಗಾಡಿಯ ಭಾರದ ಒಂದು ಪಾಲು ಮಾತ್ರ. ಮಿಕ್ಕದ್ದನ್ನು ಉಳಿದ ಮೂರು ಚಕ್ರಗಳು ಹೊರುತ್ತವೆ. ಸಾಮಾನು, ಇಳಿಜಾರು ಎಲ್ಲಕ್ಕೂ ಅವಕಾಶವಿಟ್ಟರೂ ತುಂಬಿದ ಗಾಡಿಯ ಪೂರ್ಣ ತೂಕವನ್ನು ತಾಳುವ ಜಾಕ್ ಧಾರಾಳವಾಯಿತು. ಅದಕ್ಕಿಂತ ಬಹಳ ದೊಡ್ಡ ಬಾಟಲ್ ಜಾಕ್ ಸಾಮಾನ್ಯವಾಗಿ ಮುಚ್ಚಿದ ಸ್ಥಿತಿಯಲ್ಲೇ ಹೆಚ್ಚು ಎತ್ತರವಿರುತ್ತದೆ. ಗಾಳಿ ಇಳಿದು ಕುಸಿದ ಗಾಡಿಯ ಅಡಿಗೆ ಅದು ಹೋಗದೆ ಹೋದರೆ ಐದು ಟನ್ನಿನ ಬಲವಿದ್ದು ಫಲವೇನು?

ಆದುದರಿಂದ ಎರಡು ಅಳತೆಗಳು ಬೇಕು. ಮೊದಲನೆಯದು, ಟೈರಿನಲ್ಲಿ ಗಾಳಿ ಇಲ್ಲದಾಗ ಜಾಕ್ ಕೊಡುವ ಜಾಗಕ್ಕೂ ನೆಲಕ್ಕೂ ಇರುವ ಅಂತರ. ಮುಚ್ಚಿದ ಜಾಕ್, ಅಡಿಯ ಹಲಗೆಯೂ ಸೇರಿ, ಇದಕ್ಕಿಂತ ಗಿಡ್ಡವಿರಬೇಕು. ಎರಡನೆಯದು, ಗಾಳಿ ತುಂಬಿದ ಚಕ್ರ ನೆಲದಿಂದ ಎರಡು ಮೂರು ಅಂಗುಲ ಮೇಲಿರುವಾಗಿನ ಅಂತರ. ಜಾಕ್ ಅಷ್ಟು ಎತ್ತರಕ್ಕೆ ಏರಬೇಕು. ಚಾಸಿಸ್ಸಿಗೆ ಕೊಟ್ಟರೆ ಮೊದಲು ಸ್ಪ್ರಿಂಗ್ ಸಡಿಲವಾಗಿ ಚಕ್ರ ಕೆಳಗೇ ಜೋತುಬೀಳುವುದರಿಂದ ಬಹಳ ಎತ್ತರ ಬೇಕಾಗುತ್ತದೆ. ನಮಗೆ ಅಂದು ಆದದ್ದೂ ಅದೇ. ಗಟ್ಟಿ ಆಕ್ಸಲ್ ಇರುವ ಜೀಪುಗಳಲ್ಲಿ ಆಕ್ಸಲಿಗೇ ಕೊಡುವುದು ಲೇಸು. ಬೇರೆ ಬಗೆಯ ಗಾಡಿಗಳಲ್ಲಿ ಕೈಪಿಡಿ ತೋರಿಸಿದ ಜಾಗವೇ ಜಾಗ. ದೊಡ್ಡ ಟೈರು ಹಾಕಿಸಿದವರು, ಗಾಡಿಯನ್ನು ಎತ್ತರಿಸಿಕೊಂಡವರು ಮತ್ತೊಮ್ಮೆ ಅಳೆಯಲೇಬೇಕು. ಗಾಡಿಯೊಡನೆ ಬಂದ ಜಾಕ್ ಹಳೆಯ ಎತ್ತರಕ್ಕೆ ಮಾಡಿದ್ದು.

ಇನ್ನು ಹಲಗೆಯ ವಿಚಾರ. ನಾಲ್ಕು ಅಂಗುಲ ಚೌಕದ ಜಾಕಿನ ತಳ 16 ಚದರ ಅಂಗುಲ; ಒಂದಡಿ ಚೌಕದ ದಪ್ಪ ಹಲಗೆ 144 ಚದರ ಅಂಗುಲ. ಭಾರ ಅದೇ ಆದರೂ ಮಣ್ಣಿನ ಮೇಲಿನ ಒತ್ತಡ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕವನ್ನು ನಿಮ್ಮಲ್ಲಿ ಹಲವರಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೆ. ಪರೀಕ್ಷೆಯಲ್ಲಿ ಬರೆದು ಮರೆತಿರಿ. ನಾನೂ ಆ ಮಳೆಯಲ್ಲಿ ಮರೆತಿದ್ದೆ.

ದೀಪಗಳಿಗೆ, ಟೈರುಗಳಿಗೆ ಸಾವಿರಾರು ರೂಪಾಯಿ ಸುರಿಯುವವರು ಒಂದು ಭಾನುವಾರ ಮನೆಯಂಗಳದಲ್ಲೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಬಾರದೇ? ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಟ್ಟೆ ಕೊಡಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಎಂದಿಗೂ ತೂರಬೇಡಿ.

ಮೊನ್ನೆ ಬಂದ ಶಿಷ್ಯ ನನ್ನ ಹಳೆಯ ಟೇಪನ್ನು ಕೇಳಿ ಪಡೆದು ಅಂಗಳದಲ್ಲೇ ಗಾಡಿಯಡಿಗೆ ಬಗ್ಗಿ ಅಳೆದ. ಐದು ಟನ್ನಿನ ಜಾಕನ್ನು ಬದಲಾಯಿಸುತ್ತೇನೆಂದು ಹೇಳಿ ಹೋಗಿದ್ದಾನೆ. ಉಳಿದವರೂ ಅಳೆಯುವಿರೆಂದು ನಂಬಿದ್ದೇನೆ.