ಶಾಲು ಬೇಡ, ಸಂಬಳ ಕೊಡಿ

ಡಿಸೆಂಬರ್ 3 ಬಂತೆಂದರೆ ನಮ್ಮ ಜನಪ್ರತಿನಿಧಿಗಳಲ್ಲಿ ಒಮ್ಮೆಲೇ ಕರುಣೆ ಉಕ್ಕುತ್ತದೆ. ವಿಶ್ವಸಂಸ್ಥೆ 1992ರಲ್ಲಿ ಆ ದಿನವನ್ನು ಅಂಗವಿಕಲರಿಗೆಂದು ಗೊತ್ತುಮಾಡಿದ್ದು ಅವರ ಹಕ್ಕುಗಳ ಮಾತಾಡಲಿಕ್ಕೆ. ನಾವು ಅದನ್ನು ಶಾಲು, ಹಾರ, ಹಣ್ಣಿನ ಜಾತ್ರೆ ಮಾಡಿಕೊಂಡೆವು. ಸನ್ಮಾನಿತನನ್ನು ಇಬ್ಬರು ಎತ್ತಿ ವೇದಿಕೆಗೆ ಹತ್ತಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಒಂದು ಇಳಿಜಾರು ಕಟ್ಟಿದ್ದರೆ ಆತ ತಾನೇ ಬರುತ್ತಿದ್ದನಲ್ಲ ಎಂದು ಯಾರೂ ಕೇಳುವುದಿಲ್ಲ.

ಹೆಸರು ಬದಲಾಯಿಸುವುದರಲ್ಲಂತೂ ನಾವು ನಿಸ್ಸೀಮರು. ಅಂಗವಿಕಲ ಹೋಗಿ ವಿಕಲಚೇತನ ಆಯಿತು, ವಿಶೇಷಚೇತನ ಆಯಿತು, 2015ರಿಂದ ದಿವ್ಯಾಂಗವೂ ಬಂತು. ಹೆಸರು ಬದಲಿಸಲು ಬಜೆಟ್ ಬೇಡ ನೋಡಿ. ಬಸ್ಸಿನ ಮೆಟ್ಟಿಲು ತಗ್ಗಿಸಲು ಬೇಕು.

ನಮ್ಮದು ವಡೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಕೇರಳದ ದಾರಿ ಹಿಡಿದರೆ ಬಂಡೀಪುರದ ಕಾಡಿನಂಚಿಗೆ ಸಿಗುವ ಮದ್ದೂರು. ಇಂಥ ಕಡೆಯಿಂದ ಶೇಕಡಾವಾರು ಪ್ರಮಾಣಪತ್ರಕ್ಕಾಗಿ ಚಾಮರಾಜನಗರದ ಆಸ್ಪತ್ರೆಗೆ ಹೋಗಬೇಕೆಂದರೆ ಎರಡು ಬಸ್ಸು, ಜೊತೆಗೊಬ್ಬರು, ಇಬ್ಬರ ಒಂದು ದಿನದ ಕೂಲಿ. ಕೈಕಾಲು ಆಡದ ಮಗ ಇದ್ದರೆ ಹೇಗೋ ಕರೆದೊಯ್ಯುತ್ತಾರೆ. ಮಗಳಾದರೆ ‘ಮನೇಲೇ ಇರ್ತಾಳೆ ಬುಡಿ’. ಶಾಲೆಯವರಾದ ನಮಗೂ ಇದು ಅನುಕೂಲವೇ! ಗೃಹಾಧಾರಿತ ಶಿಕ್ಷಣ ಎಂದೊಂದು ಏರ್ಪಾಡಿದೆ. ತೀವ್ರ ತೊಂದರೆ ಇರುವ ಮಕ್ಕಳಿಗೆ ಅದು ಬೇಕು, ಒಪ್ಪೋಣ. ಆದರೆ ಒಂದು ಗಾಲಿಕುರ್ಚಿ, ಒಂದು ಶೌಚಾಲಯ ಸರಿಯಿದ್ದರೆ ಶಾಲೆಗೆ ಬರಬಲ್ಲ ಹುಡುಗಿಯ ಹೆಸರೂ ದಾಖಲಾತಿ ಪುಸ್ತಕದಲ್ಲಿ ಉಳಿದು, ಹುಡುಗಿ ಮಾತ್ರ ಜಗಲಿಯಲ್ಲಿ ಉಳಿಯುವುದು ಎಂಥ ಶಿಕ್ಷಣ?

ಈ ಹುಡುಗಿಯ ಬಾಗಿಲಿಗೆ ಹೋಗುವವರು ಯಾರು? ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗೊಬ್ಬರಂತೆ ಸರ್ಕಾರವೇ ನೇಮಿಸಿದ ಇವರೂ ಅಂಗವಿಕಲರೇ. ಮನೆಮನೆ ಎಣಿಸುವುದು, ಪಿಂಚಣಿ ಅರ್ಜಿ ಬರೆಯುವುದು, ಬಸ್ ಪಾಸು ಮಾಡಿಸುವುದು, ಆಸ್ಪತ್ರೆಗೆ ಜೊತೆ ಹೋಗುವುದು ಎಲ್ಲ ಇವರದೇ. ಇಷ್ಟಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ. ಈ ಪದ ಕಂಡುಹಿಡಿದವನು ಬಲು ಚತುರ. ಧನ ಕಮ್ಮಿ ಕೊಡುವಾಗ ಗೌರವವನ್ನು ಮುಂದೆ ನಿಲ್ಲಿಸಿದ. ಅಂಗನವಾಡಿಯವರಿಗೂ ಆಶಾ ಹೆಣ್ಣುಮಕ್ಕಳಿಗೂ ಇದೇ ಗೌರವ. ಊರುಗೋಲು ಹಿಡಿದವನಿಂದ ಹತ್ತು ಹಳ್ಳಿ ಸುತ್ತಿಸಿ, ಕೆಲಸ ಕಾಯಂ ಮಾಡಿ ಎಂದಾಗ ‘ನಿಮ್ಮದು ಸೇವೆ’ ಎನ್ನುವುದು ನ್ಯಾಯವೆ?

ಇವರು ಧರಣಿ ಕೂತರೆ ಸಭ್ಯರಿಗೆ ಇರುಸುಮುರುಸು. ‘ಸಂಘ ಗಿಂಘ ಎಲ್ಲ ಯಾಕೆ ಮೇಡಂ, ಕೊಟ್ಟಿದ್ದ ಇಸ್ಕಂಡು ಸುಮ್ನಿರಬಾರದಾ?’ ಸುಮ್ಮನಿದ್ದ ಕಾಲಕ್ಕೆ ಏನು ಸಿಕ್ಕಿತ್ತು? ಸ್ವಾತಂತ್ರ್ಯ ಬಂದು 48 ವರ್ಷ ಇವರಿಗೊಂದು ಸಮಗ್ರ ಕಾಯ್ದೆ ಇರಲಿಲ್ಲ. 1995ರ ಡಿಸೆಂಬರಿನಲ್ಲಿ ಜಾವೇದ್ ಅಬಿದಿ ಮೊದಲಾದವರು ದೆಹಲಿಯಲ್ಲಿ ಬೀದಿಗಿಳಿದರು. ಅದೇ ತಿಂಗಳು ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. 1991ರ ಜನಗಣತಿಯಲ್ಲಿ ಇವರನ್ನು ಎಣಿಸಿರಲಿಲ್ಲ. ಪಟ್ಟುಹಿಡಿದ ಮೇಲೆ 2001ರಲ್ಲಿ ಎಣಿಸಿದರು. 2011ರ ಹೊತ್ತಿಗೆ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಮೀರಿದ ಲೆಕ್ಕ ಸಿಕ್ಕಿತು. ಹಿಂದೆ ಅವರೆಲ್ಲ ಯಾವ ಕೋಣೆಯಲ್ಲಿದ್ದರು?

ಕಾಸರಗೋಡನ್ನೇ ನೋಡಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದು ಮಕ್ಕಳನ್ನು ಕೆಡಿಸಿದ ಮೇಲೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಐದು ವರ್ಷದ ನಂತರ, 2022ರಲ್ಲಿ ಅದೇ ಕೋರ್ಟು ವಿಚಾರಿಸಿದಾಗ ತಲುಪಿದ್ದು 3,704 ಜನರಲ್ಲಿ 8 ಮಂದಿಗೆ! ತೀರ್ಪು ಕೈಯಲ್ಲಿದ್ದೂ ತಾಯಂದಿರು 2019ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ತಿರುವನಂತಪುರದ ಸಚಿವಾಲಯದ ಮುಂದೆ ಕೂರಬೇಕಾಯಿತು. ಸುಮ್ಮನಿರಿ ಎನ್ನುವವರು ಆ ತಾಯಂದಿರಿಗೆ ಹೇಳಿ ನೋಡಲಿ.

2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಸರ್ಕಾರಿ ಕೆಲಸದಲ್ಲಿ ಶೇ. 4ರಷ್ಟು ಮೀಸಲಾತಿ ಹೇಳಿತು. ಪಂಚಾಯಿತಿಗಳೂ ಶೇ. 5ರಷ್ಟು ಹಣವನ್ನು ಇವರಿಗೆಂದು ಎತ್ತಿಡಬೇಕು. ಆ ಹಣ ವರ್ಷದ ಕೊನೆಗೆ ಅವಸರದಲ್ಲಿ ಕೊಂಡ ತ್ರಿಚಕ್ರ ಸೈಕಲ್ಲಾಗಿ, ಕಣ್ಣು ಕಾಣದವರ ಮನೆಯ ಮುಂದೆ ನಿಂತರೆ ಯಾರಿಗೆ ಲಾಭ? ಏನು ಬೇಕೆಂದು ಅವರನ್ನೇ ಕೇಳಬೇಕು. ಅದಕ್ಕೆಂದೇ ವಿಕಲಚೇತನರ ಗ್ರಾಮಸಭೆ ಇದೆ. ಮಹಡಿಯ ಮೇಲಲ್ಲ, ಅವರು ಬರಬಲ್ಲ ಜಾಗದಲ್ಲಿ ಅದನ್ನು ಕರೆಯಿರಿ. ಕಳೆದ ವರ್ಷದ ಶೇ. 5ರ ಖರ್ಚನ್ನು ಬಾಬ್ತುವಾರು ಗಟ್ಟಿಯಾಗಿ ಓದಿ, ಕಿವಿ ಕೇಳದವರಿಗೆ ಬರೆದು ತೋರಿಸಿ. ಪುನರ್ವಸತಿ ಕಾರ್ಯಕರ್ತರಿಗೆ ವೇತನ ಶ್ರೇಣಿ ಕೊಡಬೇಕೆಂಬ ಠರಾವನ್ನೂ ಅಲ್ಲೇ ಬರೆದು, ಜಿಲ್ಲಾ ಪಂಚಾಯಿತಿಗೆ ಕಳಿಸಿ.